ರೂಪಾಯಿಯ ಅಳತೆಗೋಲಿನಲ್ಲಿ ಸಮಾಜದ ಕಲ್ಯಾಣ: ಈ ಕೂಡುವ ಲೆಕ್ಕಕ್ಕೆ ಆಧಾರ ಯಾವುದು?

ಪ್ರಶ್ನೆ: ಉಪನ್ಯಾಸಕಿ, ಹಾಸನ

ಹಾಸನದ ಪದವಿ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಬೋಧಿಸುತ್ತೇನೆ. ಕಲ್ಯಾಣ ಅರ್ಥಶಾಸ್ತ್ರದ ಪಾಠ ನಡೆಯುತ್ತಿದ್ದಾಗ, ಒಂದು ಯೋಜನೆಯಿಂದ ಸಮಾಜಕ್ಕಾಗುವ ಲಾಭನಷ್ಟಗಳನ್ನು ಹಣದ ರೂಪದಲ್ಲಿ ಅಳೆಯುವುದು ಹೇಗೆಂದು ತೋರಿಸಲು ಕಪ್ಪು ಹಲಗೆಯ ಮೇಲೆ ಒಂದು ಉದಾಹರಣೆ ಬರೆದೆ. ಅಂಕಿಗಳೆಲ್ಲ ಪಾಠಕ್ಕಾಗಿ ನಾನೇ ಕಟ್ಟಿದವು. ಯಾವ ಊರಿನವೂ ಅಲ್ಲ.

ಮಲೆನಾಡಿನ ಒಂದು ಹಳ್ಳಿಯ ಗೋಮಾಳದ ಮೂಲಕ ರಸ್ತೆ ಹಾಯಿಸಬೇಕೆಂಬ ಪ್ರಸ್ತಾಪವಿದೆ ಎಂದಿಟ್ಟುಕೊಳ್ಳೋಣ. ರಸ್ತೆಯಾದರೆ ಮೂರು ಕಾಫಿ ತೋಟಗಳಿಗೆ ಅನುಕೂಲ. ತೋಟದ ಮಾಲೀಕರ ವಾರ್ಷಿಕ ಆದಾಯ ತಲಾ 30 ಲಕ್ಷ ರೂಪಾಯಿ. ರಸ್ತೆಗಾಗಿ ಪ್ರತಿಯೊಬ್ಬರೂ ವರ್ಷಕ್ಕೆ 60,000 ಕೊಡಲು ಸಿದ್ಧರಿದ್ದಾರೆ. ಗೋಮಾಳದಲ್ಲಿ ದನ ಮೇಯಿಸುವ, ಸೌದೆ ತರುವ 40 ಕುಟುಂಬಗಳಿಗೆ ನಷ್ಟ. ಅವರ ಆದಾಯ ತಲಾ ಒಂದೂವರೆ ಲಕ್ಷ; ರಸ್ತೆ ಬಾರದಂತೆ ತಡೆಯಲು ಒಂದೊಂದು ಕುಟುಂಬ ವರ್ಷಕ್ಕೆ ಹೆಚ್ಚೆಂದರೆ 3,000 ಕೊಟ್ಟೀತು. ಒಂದು ಕಡೆ 1,80,000. ಇನ್ನೊಂದು ಕಡೆ 1,20,000. ವ್ಯತ್ಯಾಸ 60,000. ಆದ್ದರಿಂದ ರಸ್ತೆಯಿಂದ ಸಮಾಜದ ಒಟ್ಟು ಕಲ್ಯಾಣ ಹೆಚ್ಚುತ್ತದೆ ಎಂದು ಬರೆದು ಅಡಿಗೆರೆ ಎಳೆದೆ.

ಅದೇ ಕುಟುಂಬಗಳನ್ನು "ಎಷ್ಟು ಕೊಟ್ಟರೆ ಗೋಮಾಳ ಬಿಟ್ಟುಕೊಡುತ್ತೀರಿ?" ಎಂದು ಕೇಳಿದರೆ 12,000 ಎನ್ನಬಹುದೆಂದೂ ಹೇಳಿದ್ದೆ. ಆದರೆ ಹಾಗೆ ಕೇಳಿದಾಗ ಜನ ಬಾಯಿಗೆ ಬಂದಷ್ಟು ಹೇಳುತ್ತಾರೆಂಬ ಕಾರಣಕ್ಕೆ ಆ ಅಂಕಿಯನ್ನು ಪಕ್ಕಕ್ಕಿಟ್ಟೆ.

ಮೂಡಿಗೆರೆ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಮೇಡಂ, ಆ ಮೂವರಿಗೆ ರಸ್ತೆ ಅಷ್ಟು ಬೇಕಾಗಿದೆಯೋ, ಅಥವಾ ಅವರ ಹತ್ತಿರ ದುಡ್ಡು ಅಷ್ಟಿದೆಯೋ?" ಎಂದು ಕೇಳಿದಳು. ಕೈಯಲ್ಲಿ ಹಣ ಹೆಚ್ಚಿದಂತೆ ಪ್ರತಿ ಹೊಸ ರೂಪಾಯಿ ಕೊಡುವ ತೃಪ್ತಿ ಕಡಿಮೆಯಾಗುತ್ತದೆಂಬ, ಸೀಮಾಂತ ತುಷ್ಟಿಗುಣ ಇಳಿಮುಖವಾಗುವ ನಿಯಮವನ್ನು ಹೇಳಿ ಅವಳನ್ನು ಕೂರಿಸಿದೆ. ಉತ್ತರ ನನಗೇ ಸಮಾಧಾನ ತಂದಿಲ್ಲ. ಬೇರೆಬೇರೆ ಜನರ ರೂಪಾಯಿಗಳನ್ನು ಕೂಡಿ, ಬಂದ ಮೊತ್ತವನ್ನು ಸಮಾಜದ ಕಲ್ಯಾಣವೆಂದು ಕರೆಯಲು ಏನು ಆಧಾರವಿದೆ? ಆಧಾರವಿಲ್ಲದಿದ್ದರೆ ಈ ಲೆಕ್ಕವನ್ನು ಪಾಠದಲ್ಲಿ ಯಾವ ಮಾತಿನೊಂದಿಗೆ ಇಡಬೇಕು?

ಉತ್ತರ: ನಿವೃತ್ತ ಅಧ್ಯಾಪಕ, ಚಿಕ್ಕಮಗಳೂರು

ಮೇಡಂ, ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಈ ಶಾಸ್ತ್ರದ ನಡುಮನೆಯ ಪ್ರಶ್ನೆ. ಅದಕ್ಕೆ ಹೋಗುವ ಮೊದಲು ಹಲಗೆಯ ಮೇಲಿನ ಲೆಕ್ಕದಲ್ಲಿರುವ ಒಂದು ತೊಡಕನ್ನು ಬಿಡಿಸಬೇಕು, ಏಕೆಂದರೆ ಅಲ್ಲಿ ಎರಡು ಬೇರೆ ಅಳತೆಗಳು ಬೆರೆತಿವೆ.

ಹಣದಲ್ಲಿ ಅಳೆಯುವ ಯೋಚನೆಗೆ ಸ್ಪಷ್ಟ ರೂಪ ಕೊಟ್ಟವನು ಫ್ರಾನ್ಸಿನ ಎಂಜಿನಿಯರ್ ಡ್ಯುಪ್ವಿ. ಸೇತುವೆ, ರಸ್ತೆಗಳಿಂದ ಜನರಿಗಾಗುವ ಉಪಯೋಗವನ್ನು ಅವರು ಕೊಡುವ ಸುಂಕದಿಂದಲ್ಲ, ಕೊಡಲು ಸಿದ್ಧರಿರುವ ಗರಿಷ್ಠ ಮೊತ್ತದಿಂದ ಅಳೆಯಬೇಕೆಂದು ಆತ 1844ರಲ್ಲಿ ವಾದಿಸಿದ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಮಾರ್ಷಲ್ 1890ರಲ್ಲಿ ಅದನ್ನು ಅನುಭೋಗಿಯ ಮಿಗುತೆಯಾಗಿ, ಅಂದರೆ ಕೊಡಲು ಸಿದ್ಧವಿದ್ದ ಮೊತ್ತಕ್ಕೂ ನಿಜವಾಗಿ ಕೊಟ್ಟದ್ದಕ್ಕೂ ನಡುವಿನ ವ್ಯತ್ಯಾಸವಾಗಿ, ಬೆಳೆಸಿದ. ಕಲ್ಯಾಣದಲ್ಲಿ ಹಣದ ಅಳತೆಗೋಲಿಗೆ ಸಿಕ್ಕುವ ಭಾಗವನ್ನಷ್ಟೇ ಅರ್ಥಶಾಸ್ತ್ರ ಕೈಗೆತ್ತಿಕೊಳ್ಳುತ್ತದೆಂದು ಪಿಗೂ 1920ರಲ್ಲಿ ಎಲ್ಲೆ ಹಾಕಿದ. ಇವರ ನಂತರ ಹಿಕ್ಸ್ ಎರಡು ಅಳತೆಗಳನ್ನು ಬೇರ್ಪಡಿಸಿ ತೋರಿಸಿದ. ಬದಲಾವಣೆಯಾದ ಮೇಲೂ ವ್ಯಕ್ತಿಯನ್ನು ಮೊದಲಿನ ತೃಪ್ತಿಯ ಮಟ್ಟದಲ್ಲೇ ನಿಲ್ಲಿಸಲು ಅವನಿಗೆ ಕೊಡಬೇಕಾದ ಅಥವಾ ಅವನಿಂದ ತೆಗೆಯಬಹುದಾದ ಹಣ ಕಾಂಪೆನ್ಸೇಟಿಂಗ್ ವೇರಿಯೇಷನ್. ಬದಲಾವಣೆಯೇ ಆಗದೆ, ಆಗಿದ್ದರೆ ತಲುಪುತ್ತಿದ್ದ ಮಟ್ಟಕ್ಕೆ ಅವನನ್ನು ಒಯ್ಯುವ ಹಣ ಈಕ್ವಿವಲೆಂಟ್ ವೇರಿಯೇಷನ್.

ಈಗ ನಿಮ್ಮ ಹಲಗೆಯನ್ನು ನೋಡಿ. ತೋಟದವರ 60,000 ಮೊದಲನೆಯ ಬಗೆಯದು. ಕುಟುಂಬಗಳ 3,000 ಎರಡನೆಯ ಬಗೆಯದು. ಮೊದಲ ಬಗೆಯಲ್ಲಿ ಅವರ ಅಂಕಿ ನೀವು ಪಕ್ಕಕ್ಕಿಟ್ಟ 12,000. ಕಾಲ್ಡೊರ್ 1939ರಲ್ಲಿ ಹೇಳಿದ ಪರೀಕ್ಷೆಯೆಂದರೆ, ಗೆದ್ದವರು ಸೋತವರಿಗೆ ಪೂರ್ತಿ ಪರಿಹಾರ ಕೊಟ್ಟೂ ಲಾಭದಲ್ಲಿ ಉಳಿಯಬಲ್ಲರೇ ಎಂಬುದು. ಪರಿಹಾರಕ್ಕೆ 4,80,000 ಬೇಕು, ಗೆದ್ದವರ ಕೈಯಲ್ಲಿರುವುದು 1,80,000. ಹಾಗಾಗಿ ರಸ್ತೆ ಬೇಡ. ಅದೇ ವರ್ಷ ಹಿಕ್ಸ್ ಹೇಳಿದ ಪರೀಕ್ಷೆ ತಿರುವುಮುರುವಾದದ್ದು: ಸೋಲುವವರು ಹಣ ಕೊಟ್ಟು ಗೆಲ್ಲುವವರನ್ನು ಹಿಂದೆ ಸರಿಸಬಲ್ಲರೇ? ಅವರ ಕೈಲಿ ಕೂಡುವುದು 1,20,000 ಮಾತ್ರ, ತೋಟದವರು ರಸ್ತೆಯ ಆಸೆ ಬಿಡಲು 1,80,000ಕ್ಕಿಂತ ಕಡಿಮೆಗೆ ಒಪ್ಪಲಾರರು. ಹಾಗಾಗಿ ರಸ್ತೆ ಆಗಲಿ. ಒಂದೇ ಹಳ್ಳಿ, ಒಂದೇ ಜನ, ಎರಡು ತೀರ್ಪು. ಇಂಥ ಎಡವಟ್ಟು ಸಾಧ್ಯವೆಂದು ಸಿಟೊವ್‌ಸ್ಕಿ 1941ರಲ್ಲೇ ತೋರಿಸಿದ್ದ. ನಾವು ಪಠ್ಯದಲ್ಲಿ ಅದನ್ನು ಒಂದು ಅಡಿಟಿಪ್ಪಣಿಗೆ ಇಳಿಸಿಬಿಟ್ಟಿದ್ದೇವೆ.

ಎರಡು ತೀರ್ಪುಗಳ ನಡುವಿನ ವ್ಯತ್ಯಾಸ ಗಣಿತದ್ದಲ್ಲ, ಹಕ್ಕಿನದು. "ಬಿಡಲು ಎಷ್ಟು ಬೇಕು?" ಎಂದು ಕೇಳುವವನು ಗೋಮಾಳ ಅವರದೆಂದು ಮೊದಲೇ ಒಪ್ಪಿರುತ್ತಾನೆ. "ಉಳಿಸಿಕೊಳ್ಳಲು ಎಷ್ಟು ಕೊಡುವಿರಿ?" ಎಂದು ಕೇಳುವವನು ಅದು ಅವರದಲ್ಲವೆಂದು ಮೊದಲೇ ತೀರ್ಮಾನಿಸಿರುತ್ತಾನೆ. ಜನ ಬಾಯಿಗೆ ಬಂದಷ್ಟು ಹೇಳುತ್ತಾರೆಂಬ ನಿಮ್ಮ ಅಳುಕು ಸುಳ್ಳಲ್ಲ. 1989ರಲ್ಲಿ ಅಲಾಸ್ಕಾದ ಬಳಿ ಎಕ್ಸಾನ್ ವಾಲ್ಡೀಸ್ ಹಡಗಿನ ತೈಲ ಸಮುದ್ರಕ್ಕೆ ಚೆಲ್ಲಿದ ನಂತರ ಇಂಥ ಸಮೀಕ್ಷೆಗಳ ವಿಶ್ವಾಸಾರ್ಹತೆಯನ್ನು ಪರಿಶೀಲಿಸಿದ, ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ ನೇತೃತ್ವದ ತಜ್ಞರ ಸಮಿತಿಯೂ 1993ರಲ್ಲಿ ಕೊಡುವ ಮೊತ್ತವನ್ನೇ ಕೇಳುವುದು ಲೇಸೆಂದಿತು. ಆದರೆ ಎರಡರ ನಡುವಿನ ಅಂತರವೆಲ್ಲ ಜನರ ಉತ್ಪ್ರೇಕ್ಷೆಯಲ್ಲ. ಕಳೆದುಕೊಳ್ಳುವ ವಸ್ತುವಿಗೆ ಪೇಟೆಯಲ್ಲಿ ಬದಲಿ ಸಿಗದಿದ್ದಾಗ, ಪ್ರಾಮಾಣಿಕವಾಗಿ ಉತ್ತರಿಸುವವರಲ್ಲೂ ಈ ಅಂತರ ಬಹಳ ದೊಡ್ಡದಾಗಬಹುದೆಂದು ಹೇನ್‌ಮನ್ 1991ರಲ್ಲಿ ತೋರಿಸಿದ್ದಾರೆ. ಹುಲ್ಲಿನ ಕಂತೆ ಕೊಂಡು ತರಬಹುದು. ಕರು ಬಿಡಲು ಜಾಗವನ್ನು ಕೊಂಡು ತರುವುದು ಹೇಗೆ?

ಇನ್ನು ಆ ಹುಡುಗಿಯ ಪ್ರಶ್ನೆ. ಹಣದ ಗೋಲು ಒಬ್ಬನ ಸ್ವಂತ ಆಯ್ಕೆಗಳನ್ನು ಸಾಲಾಗಿ ಜೋಡಿಸಿ ಕೊಡುತ್ತದೆ, ಅಷ್ಟರ ಮಟ್ಟಿಗೆ ಅದು ನಂಬಿಕಸ್ಥ. ಒಬ್ಬನ ತೃಪ್ತಿಯನ್ನು ಇನ್ನೊಬ್ಬನದರೊಂದಿಗೆ ಹೋಲಿಸುವುದು ವಿಜ್ಞಾನದ ಕೆಲಸವಲ್ಲವೆಂದು ರಾಬಿನ್ಸ್ 1932ರಲ್ಲಿ ಹೇಳಿದ ಮೇಲೆ, ಹೋಲಿಸದೆಯೇ ಕೂಡುವ ದಾರಿಯೆಂದು ಪರಿಹಾರದ ಪರೀಕ್ಷೆಗಳು ಬಂದವು. ವಾಸ್ತವದಲ್ಲಿ ಹೋಲಿಕೆ ತಪ್ಪಲಿಲ್ಲ, ಮರೆಯಾಯಿತು ಅಷ್ಟೇ. ಎಲ್ಲರ ರೂಪಾಯಿಯನ್ನೂ ಸಮನಾಗಿ ಕೂಡುವುದೆಂದರೆ ಕೊನೆಯ ಒಂದು ರೂಪಾಯಿ ತೋಟದ ಮಾಲೀಕನಿಗೂ ಕೂಲಿಯವನಿಗೂ ಅಷ್ಟೇ ತೃಪ್ತಿ ಕೊಡುತ್ತದೆ ಎಂದು ಒಪ್ಪಿದಂತೆ. ಅದೂ ಒಂದು ತೂಕವೇ. ಹಾಗಿದ್ದ ಮೇಲೆ ತೂಕವನ್ನು ಬಾಯಿಬಿಟ್ಟೇ ಹೇಳಬಹುದು.

ಬ್ರಿಟನ್ನಿನ ಖಜಾನೆ ಇಲಾಖೆಯ ಗ್ರೀನ್ ಬುಕ್ ಎಂಬ ಮಾರ್ಗಸೂಚಿಯಲ್ಲಿ, ಆದಾಯ ಏರಿದಂತೆ ಹಣದ ಸೀಮಾಂತ ತುಷ್ಟಿಗುಣ ಇಳಿಯುವ ವೇಗವನ್ನು ಸೂಚಿಸುವ ಸ್ಥಿತಿಸ್ಥಾಪಕತ್ವವನ್ನು 1.3 ಎಂದು ಹಿಡಿಯುತ್ತಾರೆ. ನಿಮ್ಮ ಹಳ್ಳಿಯಲ್ಲಿ ತೋಟದವರ ಆದಾಯ ಕುಟುಂಬಗಳದರ 20 ಪಟ್ಟು. ಸರಳವಾಗಿ 1 ಎಂದೇ ಹಿಡಿದರೂ, ಅಂದರೆ ಆದಾಯ 20 ಪಟ್ಟಾದರೆ ರೂಪಾಯಿಯ ಬೆಲೆ 20ರಲ್ಲಿ ಒಂದು ಪಾಲಾಗುತ್ತದೆ ಎಂದರೂ, ತೋಟದವರ 1,80,000 ರೂಪಾಯಿ ಬಡವರ ಲೆಕ್ಕದಲ್ಲಿ 9,000ಕ್ಕೆ ಇಳಿಯುತ್ತದೆ, 1.3 ಹಿಡಿದರೆ ಸುಮಾರು 3,700ಕ್ಕೆ. ಎದುರಿಗೆ 1,20,000 ನಿಂತಿದೆ. ನನಗೆ ಇದಕ್ಕಿಂತ ಸೋಜಿಗವೆನಿಸಿದ್ದು ಇನ್ನೊಂದು ಲೆಕ್ಕ. ಎರಡು ಕಡೆಗಳೂ ಸಮವಾಗಲು ಸ್ಥಿತಿಸ್ಥಾಪಕತ್ವ ಎಷ್ಟಿರಬೇಕೆಂದು ನೋಡಿದರೆ ಕೇವಲ 0.135 ಬರುತ್ತದೆ (20ರ 0.135ನೇ ಘಾತ ಸುಮಾರು ಒಂದೂವರೆ). ಅಂದರೆ 1 ಸರಿಯೋ, 1.3 ಸರಿಯೋ ಎಂದು ಜಗಳವಾಡುವ ಅಗತ್ಯವೇ ಇಲ್ಲ. ಬಡವನ ರೂಪಾಯಿಗೆ ಸಿರಿವಂತನ ರೂಪಾಯಿಗಿಂತ ಒಂದೂವರೆ ಪಟ್ಟು ಬೆಲೆಯಿದೆ ಎಂದು ಒಪ್ಪುವವನಿಗೆ ನಿಮ್ಮ ತೀರ್ಮಾನ ಅಲ್ಲೇ ಸಮಕ್ಕೆ ಬಂದು ನಿಲ್ಲುತ್ತದೆ; ಅದಕ್ಕಿಂತ ತುಸು ಹೆಚ್ಚೆಂದವನಿಗೆ ಬಿದ್ದೇ ಹೋಗುತ್ತದೆ. ಇದನ್ನು ತರಗತಿಯಲ್ಲಿ ಮಾಡಿಸಿ ನೋಡಿ.

ಉತ್ತರ: ಗೊರೂರು ಹಿನ್ನೀರು

ಅಧ್ಯಾಪಕರು ಬದಲಿ ಸಿಗದ ವಸ್ತುವಿನ ಮಾತೆತ್ತಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ನಮ್ಮ ತಾತನ ಊರೂ ಒಂದು. ಬೇಸಿಗೆಯಲ್ಲಿ ನೀರಿಳಿದಾಗ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳನ್ನು ನೋಡಲು ಕಾರುಗಳು ಸಾಲುಗಟ್ಟುತ್ತವಲ್ಲ, ಆ ನೀರಿನ ಕಥೆ.

ಪರಿಹಾರದ ಪಟ್ಟಿಯ ಒಂದು ಪ್ರತಿಯನ್ನು ನಮ್ಮ ಅಜ್ಜಿ ಅಕ್ಕಿ ಡಬ್ಬದ ಹಿಂದೆ ಬಹಳ ಕಾಲ ಇಟ್ಟುಕೊಂಡಿದ್ದರು. ಗದ್ದೆ ಎಷ್ಟು ಗುಂಟೆ, ತೆಂಗಿನ ಮರ ಎಷ್ಟು, ಹಲಸು ಎಷ್ಟು, ಹೆಂಚಿನ ಮನೆಗೆ ಎಷ್ಟು, ಬಾವಿಗೆ ಎಷ್ಟು ಎಂದು ಅದರಲ್ಲಿ ಸಾಲುಸಾಲಾಗಿ ಬರೆದಿತ್ತು. ಪಟ್ಟಿ ಸುಳ್ಳಲ್ಲ, ಮರಗಳ ಎಣಿಕೆ ಸರಿಯಾಗಿಯೇ ಇತ್ತೆಂದು ತಾತನೇ ಹೇಳುತ್ತಿದ್ದರು. ಅದರಲ್ಲಿ ಇಲ್ಲದ್ದು ಮುಯ್ಯಾಳು. ಇಂದು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯಿಂದ ಇಬ್ಬರು ಬಂದರೆ, ನಾಡಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು ಬರಬೇಕು; ಕೂಲಿಯಿಲ್ಲ, ಊಟವಿದೆ. ಊರು ಮುಳುಗಿ, ಜನ ಬೇರೆಬೇರೆ ಕಡೆ ಚದುರಿದ ಮೇಲೆ, ಹೊಸ ಜಾಗದಲ್ಲಿ ಮುಯ್ಯಿಗೆ ಬರುವವರು ಯಾರೂ ಇರಲಿಲ್ಲ. ತಾತ ಕೂಲಿ ಕೊಟ್ಟು ನಾಟಿ ಮಾಡಿಸಿದರು. ನಮ್ಮ ದೊಡ್ಡಪ್ಪ ಬೇರೆಯವರ ಗದ್ದೆಗೆ ಕೂಲಿಗೆ ಹೋದರು.

ಇದನ್ನು ಹಣದ ಗೋಲಿನಿಂದ ಅಳೆದು ನೋಡಿ. ಮೊದಲು ಲೆಕ್ಕಕ್ಕೇ ಬಾರದಿದ್ದ ದುಡಿಮೆ ಈಗ ಕೂಲಿಯಾಗಿ ಲೆಕ್ಕ ಸೇರಿತು, ಆದ್ದರಿಂದ ಊರಿನ ಆದಾಯ ಹೆಚ್ಚಾಯಿತು! ಅದೇ ಗದ್ದೆ ಕೆಲಸ, ಅದೇ ಬೆನ್ನು ನೋವು. ಸಮಾಜದ ಕಲ್ಯಾಣವನ್ನು ಹಣದಲ್ಲಿ ಅಳೆಯುವವರು ಈ ಏರಿಕೆಯನ್ನು ಕಳೆದು ಹಾಕಬೇಕೆಂದು ನನ್ನ ವಾದ. ತಾತನನ್ನು "ಎಷ್ಟು ಕೊಟ್ಟರೆ ಊರು ಬಿಡುತ್ತೀರಿ?" ಎಂದು ಯಾರೂ ಕೇಳಲಿಲ್ಲ ಎಂಬುದು ಬೇರೆ ಮಾತು. ಕೇಳಿದ್ದರೂ ಮುಯ್ಯಾಳಿಗೆ ಅವರು ಎಷ್ಟು ಹೇಳುತ್ತಿದ್ದರು? ಕಳೆದುಕೊಂಡ ಮೇಲಷ್ಟೇ ಅದಕ್ಕೊಂದು ಬೆಲೆ ಇತ್ತೆಂದು ಗೊತ್ತಾದದ್ದು.

ಈ ನೀರಿನಿಂದ ಕೆಳಗಿನ ತಾಲ್ಲೂಕುಗಳ ಎಷ್ಟೋ ಜನರ ಬದುಕು ಹಸನಾಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೂಡಿದರೆ ಲಾಭವೇ ಹೆಚ್ಚು ಬರಬಹುದು. ಆದರೆ ಗೆದ್ದವರು ಸೋತವರಿಗೆ "ಪರಿಹಾರ ಕೊಡಬಲ್ಲರು" ಎನ್ನುವುದಕ್ಕೂ "ಕೊಟ್ಟರು" ಎನ್ನುವುದಕ್ಕೂ ನಡುವೆ ನಮ್ಮ ಮನೆಯ ಮೂವತ್ತು ವರ್ಷ ಕಳೆದುಹೋಯಿತು.

ಉತ್ತರ: ಬೇಲೂರು ಬಸ್ಸು

ಮೇಲಿನ ಇಬ್ಬರೂ ನಷ್ಟದ ಉದಾಹರಣೆ ಕೊಟ್ಟಿದ್ದಾರೆ, ನಾನು ಲಾಭದ್ದೊಂದನ್ನು ಕೊಡುತ್ತೇನೆ. ದಿನವೂ ಬೇಲೂರಿನಿಂದ ಹಾಸನಕ್ಕೆ ಓಡಾಡುವ ನಾನು, 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಾಗಿನಿಂದ ಬಸ್ಸಿನಲ್ಲಿ ಕುಳಿತೇ ಈ ಲೆಕ್ಕ ಹಾಕುತ್ತಿದ್ದೇನೆ.

ಲೆಕ್ಕಕ್ಕಾಗಿ ಟಿಕೆಟ್ಟಿನ ಬೆಲೆ 50 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲು ತಿಂಗಳಿಗೆ 4 ಸಲ ಹೋಗುತ್ತಿದ್ದ ಹೆಂಗಸು ಈಗ 10 ಸಲ ಹೋಗುತ್ತಾಳೆ. ಸರ್ಕಾರ ಅವಳ ಪರವಾಗಿ 500 ರೂಪಾಯಿ ಭರಿಸುತ್ತದೆ. ಅವಳಿಗಾದ ಲಾಭ 500 ಎನ್ನುವುದು ತಪ್ಪು. ಹಳೆಯ ನಾಲ್ಕು ಪ್ರಯಾಣಗಳಲ್ಲಿ 200 ಉಳಿಯಿತು, ಅದು ಪೂರ್ತಿ ಲಾಭ. ಹೊಸ ಆರು ಪ್ರಯಾಣಗಳಿಗೆ ಅವಳು ಮೊದಲು 50 ಕೊಡಲು ಸಿದ್ಧಳಿರಲಿಲ್ಲ. ಅವುಗಳ ಬೆಲೆ ಅವಳಿಗೆ ಸೊನ್ನೆಗೂ 50ಕ್ಕೂ ನಡುವೆ, ಸರಾಸರಿ 25 ಎಂದರೆ 150. ಒಟ್ಟು 350. ಮಾರ್ಷಲ್‌ನ ತ್ರಿಕೋನ ಎಂದು ನೀವು ಕಲಿಸುವುದು ಇದನ್ನೇ. ಇಂಥ ಸಣ್ಣ ಮೊತ್ತದ ಬದಲಾವಣೆಗಳಲ್ಲಿ ಮಾರ್ಷಲ್‌ನ ಮಿಗುತೆಗೂ ಹಿಕ್ಸ್‌ನ ಎರಡು ಅಳತೆಗಳಿಗೂ ಹೆಚ್ಚು ಅಂತರ ಬರುವುದಿಲ್ಲವೆಂದು ವಿಲ್ಲಿಗ್ 1976ರಲ್ಲಿ ತೋರಿಸಿದ್ದಾರೆ, ಆದ್ದರಿಂದ ಅಲ್ಲಿಯವರೆಗೆ ತಕರಾರಿಲ್ಲ. ಬಸ್ಸಿನ ದರ, ಗ್ಯಾಸಿನ ದರ, ಹಾಲಿನ ದರಗಳಿಗೆ ಹಣದ ಗೋಲು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ನನ್ನ ತಕರಾರು "50 ಕೊಡಲು ಸಿದ್ಧಳಿರಲಿಲ್ಲ" ಎಂಬ ಮಾತಿನ ಬಗ್ಗೆ. ಯಾರ ಚೀಲದಿಂದ? ಮನೆಯ ಆದಾಯ ತಿಂಗಳಿಗೆ 20,000 ಇದ್ದರೂ ಅವಳ ಕೈಗೆ ಬರುವುದು ಸೊಪ್ಪು ಮಾರಿದ ದುಡ್ಡೋ, ಸಂಘದ ಸಾಲದಲ್ಲಿ ಉಳಿದದ್ದೋ ಮಾತ್ರ. ಮಿಕ್ಕಿದ್ದಕ್ಕೆ ಕೇಳಬೇಕು, ಕೇಳಿದಾಗ ಯಾಕೆ, ಎಲ್ಲಿಗೆ ಎಂದು ಹೇಳಬೇಕು. ಅಧ್ಯಾಪಕರ ತೂಕದ ಲೆಕ್ಕ ಕುಟುಂಬದ ಆದಾಯವನ್ನು ಹಿಡಿದು ನಿಂತಿದೆ. ಕುಟುಂಬದ ಒಳಗೆ ಹೋಗಿಲ್ಲ. ಕಳೆದ ವಾರ ಪಕ್ಕದ ಸೀಟಿನಲ್ಲಿದ್ದ ಅಜ್ಜಿ ಹಾಸನದಲ್ಲಿ ಕಣ್ಣು ತೋರಿಸಿಕೊಂಡು ವಾಪಸು ಬರುತ್ತಿದ್ದರು. "ಮಗನ್ನ ಕೇಳ್ಬೇಕಿತ್ತು, ಅದಕ್ಕೇ ಎರಡು ವರ್ಷ ಸುಮ್ಮನಿದ್ದೆ" ಎಂದರು. ಹೊಸ ಪ್ರಯಾಣಕ್ಕೆ ಸರಾಸರಿ 25 ರೂಪಾಯಿ ಎಂದು ನಾನು ಹಾಕಿದ ಬೆಲೆಯಲ್ಲಿ ಈ ಅಜ್ಜಿಯ ಪ್ರಯಾಣವೂ ಸೇರಿದೆ.

ಒಬ್ಬರ ಬಳಿ ಎಷ್ಟಿದೆ ಎನ್ನುವುದಕ್ಕಿಂತ ಅವರು ಏನಾಗಬಲ್ಲರು, ಏನು ಮಾಡಬಲ್ಲರು ಎಂಬುದನ್ನು ನೋಡಬೇಕೆಂದು ಅಮರ್ತ್ಯ ಸೇನ್ ವಾದಿಸಿದ್ದು ಇಂಥ ಕಡೆಗಳಲ್ಲೇ ನನಗೆ ಅರ್ಥವಾಗುತ್ತದೆ. 1990ರಲ್ಲಿ ಮೊದಲು ಪ್ರಕಟವಾದ ಮಾನವ ಅಭಿವೃದ್ಧಿ ಸೂಚ್ಯಂಕ ಆಯುಷ್ಯ, ಶಿಕ್ಷಣಗಳನ್ನು ಆದಾಯದ ಪಕ್ಕದಲ್ಲಿ ಕೂರಿಸಿದ್ದೂ ಆ ದಿಕ್ಕಿನ ಪ್ರಯತ್ನವೇ. ಆದರೆ ಅದೂ ಮೂರಕ್ಕೆ ಸಮ ತೂಕ ಕೊಟ್ಟು ಸರಾಸರಿ ತೆಗೆಯುತ್ತದೆ. ತೂಕ ಹಾಕುವ ಕೆಲಸದಿಂದ ಯಾರಿಗೂ ಬಿಡುಗಡೆ ಸಿಕ್ಕಿದಂತಿಲ್ಲ.

ಉತ್ತರ: ಕಡತ ನೋಡುವವ

ಭೂಮಿಯ ಕಡತಗಳ ನಡುವೆ ಕೆಲಸ ಮಾಡುವವನಾಗಿ ಎರಡು ವಿಷಯ ಮಾತ್ರ ಸೇರಿಸುತ್ತೇನೆ.

2013ರ ಭೂಸ್ವಾಧೀನ ಕಾಯ್ದೆಯಲ್ಲಿ ಮಾರುಕಟ್ಟೆ ಬೆಲೆಯನ್ನು ಗ್ರಾಮೀಣ ಪ್ರದೇಶದಲ್ಲಿ 1ರಿಂದ 2ರವರೆಗಿನ ಗುಣಕದಿಂದ ಹೆಚ್ಚಿಸಿ, ಅದರ ಮೇಲೆ, ಇಷ್ಟವಿಲ್ಲದೆಯೂ ಜಮೀನು ಬಿಡಬೇಕಾದ್ದಕ್ಕೆಂದು, ಶೇಕಡಾ 100ರಷ್ಟು ಸಾಂತ್ವನ ಮೊತ್ತವನ್ನು ಸೇರಿಸುತ್ತಾರೆ. ಇದು ಬರೀ ಔದಾರ್ಯವಲ್ಲ. ಮಾರುಕಟ್ಟೆ ಬೆಲೆಯೆಂದರೆ ಮಾರಲು ತಾವಾಗಿ ಮುಂದೆ ಬಂದವರ ಬೆಲೆ. ಆ ಬೆಲೆಗೂ ಮಾರದೆ ಕುಳಿತವರಿಗೆ ತಮ್ಮ ಜಮೀನು ಅದಕ್ಕಿಂತ ಹೆಚ್ಚಿನದು ಎಂಬುದು ಮಾರದೆ ಕುಳಿತದ್ದರಿಂದಲೇ ಗೊತ್ತಾಗುತ್ತದೆ. ಅಧ್ಯಾಪಕರು ಹೇಳಿದ 3,000 ಮತ್ತು 12,000ದ ನಡುವಿನ ಅಂತರವನ್ನು ಕಾನೂನು ತನ್ನದೇ ರೀತಿಯಲ್ಲಿ, ಒಂದೇ ಅಳತೆಯ ಅಂಗಿ ಹೊಲಿಸಿದಂತೆ, ಮುಚ್ಚಲು ನೋಡಿದೆ.

ಎರಡನೆಯದು, ಮೇಡಂ ಅವರ ಉದಾಹರಣೆಗೇ ಸಂಬಂಧಿಸಿದ್ದು. ಗೋಮಾಳ ಸರ್ಕಾರಿ ಜಮೀನು. ಅದರಲ್ಲಿ ರಸ್ತೆ ಹಾಯಿಸಲು ಯಾರಿಂದಲೂ ಭೂಮಿ ವಶಪಡಿಸಿಕೊಳ್ಳಬೇಕಾಗಿಲ್ಲ, ಹಾಗಾಗಿ ಮೇಲೆ ಹೇಳಿದ ಗುಣಕವೂ ಇಲ್ಲ, ಸಾಂತ್ವನವೂ ಇಲ್ಲ. ನಲವತ್ತು ಕುಟುಂಬಗಳ 12,000ವನ್ನು ಯಾರೂ ಕೇಳಬೇಕಾಗಿಲ್ಲ. ಆದರೆ ಕರ್ನಾಟಕದ ಭೂ ಕಂದಾಯ ನಿಯಮಗಳು ಗೋಮಾಳಕ್ಕೆ ಬೇರೆಯದೇ ಗೋಲು ಇಟ್ಟಿವೆ. ಊರಿನ ಪ್ರತಿ 100 ಜಾನುವಾರುಗಳಿಗೆ 30 ಎಕರೆ ಗೋಮಾಳ ಇರಬೇಕು ಎನ್ನುತ್ತವೆ. ಹೆಚ್ಚುವರಿ ಇದ್ದರಷ್ಟೇ ಬೇರೆ ಉದ್ದೇಶದ ಮಾತು. ಅಲ್ಲಿ ಕೊಡುವ ಶಕ್ತಿಯನ್ನೂ ಕೇಳುವುದಿಲ್ಲ, ಪಡೆಯುವ ಆಸೆಯನ್ನೂ ಕೇಳುವುದಿಲ್ಲ, ದನಗಳನ್ನು ಎಣಿಸುತ್ತಾರೆ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ವಂದನೆಗಳು. ಎರಡು ಅಳತೆಗಳನ್ನು ಬೆರೆಸಿದ ತಪ್ಪನ್ನು ತರಗತಿಯಲ್ಲಿ ಒಪ್ಪಿಕೊಂಡೆ. 0.135ರ ಲೆಕ್ಕವನ್ನು ಮಾಡಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, ತೋಟದವರು ಮೂವರಲ್ಲದೆ ಇಬ್ಬರೇ ಇದ್ದರೆ 1,20,000ಕ್ಕೆ 1,20,000 ಸಮವಾಗಿ ತೂಕದ ಪ್ರಶ್ನೆಯೇ ಬರುತ್ತಿರಲಿಲ್ಲ, ನಾಲ್ವರಿದ್ದರೆ ಎಷ್ಟು ಬೇಕೆಂದು ಕೇಳಿದ. ಮಾಡಿ ನೋಡಿದೆವು: 0.23. ಒಂಬತ್ತು ಜನರಿದ್ದರೆ 0.5. ತೋಟದವರು ನಲವತ್ತು ಮಂದಿಯಾದರೆ ಮಾತ್ರ 1ರ ಗಡಿ ಮುಟ್ಟುತ್ತದೆ.

ಮೂಡಿಗೆರೆಯ ವಿದ್ಯಾರ್ಥಿನಿಗೆ ಮುಯ್ಯಾಳಿನ ಮಾತನ್ನೂ ಗೋಮಾಳದ ನಿಯಮವನ್ನೂ ಓದಿ ಹೇಳಿದೆ. ಅವಳು ನಮ್ಮ ಕಾಲ್ಪನಿಕ ಹಳ್ಳಿಯ ಕುಟುಂಬಗಳಿಗೆ ತಲಾ ಎರಡು ದನ ಎಂದು ಹಿಡಿದಳು. 80 ದನ, 24 ಎಕರೆ. "ಗೋಮಾಳ ಒಟ್ಟು ಎಷ್ಟು ಎಕರೆ ಇದೆ ಅಂತ ನೀವು ಹಲಗೆ ಮೇಲೆ ಬರೆದೇ ಇಲ್ಲವಲ್ಲ ಮೇಡಂ" ಎಂದಳು.